ಭಾಗ 4: ಮನೆಯವರ ಜೊತೆ ದೆವ್ವ ನೋಡ್ಬಹುದಾ?

'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' (2018), 10 ಎಪಿಸೋಡ್, ನಾನೊಬ್ಳೇ ನೋಡಿ ಮುಗಿಸಿದ್ದೆ. ಭಾನುವಾರ ಎಲ್ಲರೂ ಕೂತು ನೋಡೋಣ ಅಂತ ತಮ್ಮನ ಹಠ.

ಅವನಿಗಿನ್ನೂ 12. 2021ರ ನಿಯಮದ ಪ್ರಕಾರ ಒಟಿಟಿಗಳು ಯು/ಎ 13+, 16+, ಎ ಅಂತ ವಯಸ್ಸು ತೋರಿಸ್ಲೇಬೇಕು. ಸೋ, 'ಬೇಡ ಮರಿ' ಅಂದೆ. ಮುಗೀತು.

ಕಷ್ಟ ಆಗಿದ್ದು ಅಮ್ಮ 'ನಾನು ನೋಡ್ತೀನಿ' ಅಂದಾಗ. ಅಜ್ಜಿ ಹೋಗಿ ಮೂರೇ ತಿಂಗಳು. ಇದ್ರಲ್ಲಿ ದೆವ್ವಕ್ಕಿಂತ ಜಾಸ್ತಿ ಇರೋದು ತಾಯಿನ ಕಳ್ಕೊಂಡ ಐದು ಮಕ್ಕಳ ಸಂಕಟ. ಆರನೇ ಎಪಿಸೋಡಲ್ಲಿ ಶವಪೆಟ್ಟಿಗೆ ಮುಂದೆ ಮನೆಯವರೇ ಜಗಳ ಆಡ್ತಾರೆ. ನಿಮಿಷಗಟ್ಟಲೆ ಕ್ಯಾಮೆರಾ ಕಟ್ಟೇ ಆಗಲ್ಲ.

ಅದಕ್ಕೆ ಯಾವ ರೇಟಿಂಗೂ ಇಲ್ಲ.

ಕಥೆ ಮೊದ್ಲೇ ಹೇಳಿಬಿಟ್ಟೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, 'ನಾವಿಬ್ರೇ ನೋಡೋಣ ಕಣೇ, ಈಗ್ಲೇ ಬೇಡ' ಅಂದ್ರು.

ನಿಮ್ಮನೇಲಿ ಇದನ್ನೆಲ್ಲ ಯಾರು ಡಿಸೈಡ್ ಮಾಡ್ತಾರೆ?