ಸೇತುವೆ ಕೊನೆಗಿರಲಿ

ಬ್ಯಾಂಕಾಕಿಗೆ ನಾಲ್ಕೈದು ದಿನದ ಮಟ್ಟಿಗೆ ಹೋಗಿಬರುವವರ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ ಅಚ್ಚಿನದು: ಅರಮನೆ, ಮಲಗಿದ ಬುದ್ಧ, ಸಫಾರಿ ವರ್ಲ್ಡ್, ಪಟ್ಟಾಯದ ಕಡಲು, ಕೊನೆಯ ಸಂಜೆ ಮಾಲಿನಲ್ಲಿ ಚೌಕಾಸಿ, ರಾತ್ರಿ ಹೋಟೆಲ್ ಕೋಣೆಯಲ್ಲಿ ಮನೆಯಿಂದ ತಂದ ಚಟ್ನಿಪುಡಿ. ಇದರ ನಡುವೆ ಒಂದು ದಿನ ಖಾಲಿ ಉಳಿದರೆ ಟೂರಿನವರು ಅದಕ್ಕೆ ಕಾಂಚನಬುರಿಯನ್ನು ತುಂಬುತ್ತಾರೆ. ನಗರದಿಂದ ಪಶ್ಚಿಮಕ್ಕೆ ಸುಮಾರು 130 ಕಿ.ಮೀ. ಬೆಳಗ್ಗೆ ತೇಲುವ ಸಂತೆ, ಮಧ್ಯಾಹ್ನ ಕ್ವಾಯ್ ನದಿಯ ಸೇತುವೆ, ಅದರ ಮೇಲೆ ಒಂದಷ್ಟು ಫೋಟೊ, ಆಮೇಲೆ 'ಡೆತ್ ರೈಲ್ವೆ'ಯಲ್ಲಿ ಒಂದು ಸವಾರಿ, ಸಮಯ ಉಳಿದರೆ ಸೈನಿಕರ ಸ್ಮಶಾನ, ಕತ್ತಲಾಗುವಷ್ಟರಲ್ಲಿ ವಾಪಸ್. ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಖಂಡಿತ ಹೋಗಬೇಕು. ನನ್ನ ತಕರಾರು ಇರುವುದು ಸರದಿಯ ಬಗ್ಗೆ. 'ಸಮಯ ಉಳಿದರೆ' ಎಂದು ಹಿಂದಕ್ಕೆ ತಳ್ಳಿದ್ದನ್ನು ಮೊದಲಿಗೆ ತಂದು, ಟೂರಿನ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ಜಾಗವನ್ನು ಅದರ ಪಕ್ಕಕ್ಕೆ ಸೇರಿಸಿ, ಸೇತುವೆಯನ್ನು ಕೊನೆಗೆ ಬಿಟ್ಟರೆ ಅಲ್ಲಿ ಏನು ನಡೆಯಿತೆಂಬುದು ಒಂದೇ ದಿನದಲ್ಲಿ ತಲೆಗೆ ಹತ್ತುತ್ತದೆ.

ಯಾಕೆಂದರೆ ಸೇತುವೆ ಹೇಳುವುದು ಕಡಿಮೆ, ಹೇಳಿದ್ದರಲ್ಲಿ ಅರ್ಧ ಸಿನಿಮಾ. ಡೇವಿಡ್ ಲೀನ್ ನಿರ್ದೇಶಿಸಿದ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' 1957ರಲ್ಲಿ ತೆರೆಕಂಡಿತು. ಸೇತುವೆಯ ದೃಶ್ಯಗಳನ್ನು ತೆಗೆದದ್ದು ಥಾಯ್ಲೆಂಡಿನಲ್ಲಲ್ಲ, ಸಿಲೋನಿನ ಕಿತುಲ್‌ಗಲದಲ್ಲಿ. ಮೂಲ ಕಾದಂಬರಿ ಬರೆದ ಫ್ರೆಂಚ್ ಲೇಖಕ ಪಿಯೆರ್ ಬೂಲ್ ಅವರಿಗೆ ಹಳಿ ಕ್ವಾಯ್ ನದಿಯ ಗುಂಟ ಸಾಗುತ್ತದೆಂದು ಗೊತ್ತಿತ್ತು. ಹಾಗಾದರೆ ಸೇತುವೆಯೂ ಅದರ ಮೇಲೆಯೇ ಇದ್ದೀತೆಂದುಕೊಂಡರು. ನಿಜಕ್ಕೂ ಸೇತುವೆ ಇದ್ದದ್ದು ಮೇಕ್ಲಾಂಗ್ ನದಿಗೆ. ಸಿನಿಮಾ ನೋಡಿ ಬಂದವರು ಕ್ವಾಯ್ ಎಲ್ಲಿ ಎಂದು ಹುಡುಕತೊಡಗಿದ ಮೇಲೆ, 1960ರ ದಶಕದಲ್ಲಿ ನದಿಯ ಆ ಭಾಗಕ್ಕೇ ಹೊಸ ಹೆಸರಿಟ್ಟು ಥಾಯ್ ಜನ ತಂಟೆ ಮುಗಿಸಿದರು. ಗಿರಾಕಿಯ ಮಾತಿಗೆ ನದಿಯೇ ತಲೆಬಾಗಿದ ಪ್ರಸಂಗ ಬಹುಶಃ ಬೇರೆಲ್ಲೂ ಸಿಕ್ಕಲಾರದು. ಸಿನಿಮಾದಲ್ಲಿ ಕಮಾಂಡೊಗಳು ಉಡಾಯಿಸುವುದು ಮರದ ಸೇತುವೆಯನ್ನು. ಇಲ್ಲಿ ನಿಂತಿರುವುದು ಜಾವಾದಿಂದ ಬಿಚ್ಚಿ ತಂದ ಉಕ್ಕಿನ ಕಮಾನುಗಳದ್ದು. ಅದು 1943ರಿಂದ ಕೆಲಸ ಮಾಡಿತು; ಅದನ್ನು ಮುರಿದದ್ದು 1945ರಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು. ದುಂಡಗೆ ಬಾಗಿದ ಕಮಾನುಗಳ ಸಾಲಿನಲ್ಲಿ ಎರಡು ಮಾತ್ರ ನೇರ ಅಂಚಿನವು ಕಾಣುತ್ತವೆ. ಯುದ್ಧ ಮುಗಿದ ಮೇಲೆ ಜಪಾನ್ ಪರಿಹಾರವಾಗಿ ಕೊಟ್ಟವು ಅವು. ಸೇತುವೆಯಲ್ಲಿ ಓದಲು ಇರುವ ಚರಿತ್ರೆ ಹೆಚ್ಚುಕಡಿಮೆ ಇಷ್ಟೇ. ವರ್ಷದ ಕೊನೆಯಲ್ಲಿ ಅಲ್ಲಿ ಧ್ವನಿ-ಬೆಳಕಿನ ಪ್ರದರ್ಶನವಿರುತ್ತದೆ. ಬಾಂಬು ದಾಳಿಯನ್ನು ಪಟಾಕಿ ಹಚ್ಚಿ ತೋರಿಸುತ್ತಾರೆ.

ಉಳಿದ ಚರಿತ್ರೆಯೆಲ್ಲ ಹಳಿಯ ಉದ್ದಕ್ಕೆ ಚೆಲ್ಲಿಕೊಂಡಿದೆ. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿತು. ಆದರೆ ಅಲ್ಲಿನ ಸೇನೆಗೆ ಮದ್ದುಗುಂಡು, ಅಕ್ಕಿ ಮುಟ್ಟಿಸಬೇಕಾದರೆ ಸಿಂಗಪುರ ಸುತ್ತಿ ಮಲಕ್ಕಾ ಜಲಸಂಧಿ ಹಾದು ರಂಗೂನಿಗೆ ಹೋಗಬೇಕು. ಆ ದಾರಿಯಲ್ಲಿ ಜಲಾಂತರ್ಗಾಮಿಗಳ ಕಾಟ. ಥಾಯ್ಲೆಂಡಿನ ಬಾನ್ ಪೊಂಗ್ ಕಡೆಯಿಂದ ಬರ್ಮಾದ ಥನ್‌ಬ್ಯುಜಯಾತ್‌ವರೆಗೆ ಬೆಟ್ಟ, ಕಾಡು ಸೀಳಿ ರೈಲು ಓಡಿಸಬಹುದೇ ಎಂದು ಬ್ರಿಟಿಷರು ಯುದ್ಧಕ್ಕೆ ಎಷ್ಟೋ ಮೊದಲೇ ಅಳೆದು ನೋಡಿ, ಆಗದ ಕೆಲಸವೆಂದು ಕೈಬಿಟ್ಟಿದ್ದರು. ಜಪಾನೀಯರು ಅದೇ 415 ಕಿ.ಮೀ. ಹಳಿಯನ್ನು ಒಂದೂವರೆ ವರ್ಷದೊಳಗೆ ಹಾಕಿ, 1943ರ ಅಕ್ಟೋಬರ್‌ನಲ್ಲಿ ಎರಡೂ ತುದಿ ಕೂಡಿಸಿದರು. ಯಂತ್ರಗಳು ಕಡಿಮೆ, ಆಳುಗಳು ಬೇಕಾದಷ್ಟು. ಸೆರೆಸಿಕ್ಕ ಬ್ರಿಟಿಷ್, ಡಚ್, ಆಸ್ಟ್ರೇಲಿಯನ್, ಅಮೆರಿಕನ್ ಸೈನಿಕರು 60,000ಕ್ಕೂ ಹೆಚ್ಚು. ಅವರ ಜೊತೆ ಮಲಯ, ಬರ್ಮಾ, ಜಾವಾಗಳಿಂದ ತಂದ ಕೂಲಿಗಳು, ಸಣ್ಣ ಅಂದಾಜು ಹಿಡಿದರೂ 1,80,000. ಸತ್ತ ಕೈದಿಗಳು 12,000ಕ್ಕೂ ಮಿಕ್ಕಿ. ಸತ್ತ ಕೂಲಿಗಳು, ಸಾಮಾನ್ಯವಾಗಿ ಹೇಳುವ ಅಂದಾಜಿನಂತೆ, 90,000ದಷ್ಟು. ಮೊದಲ ಸಂಖ್ಯೆಯ ಹಿಂದೆ ಹೆಸರುಗಳ ಪಟ್ಟಿ ಇದೆ. ಎರಡನೆಯದರ ಹಿಂದೆ ಬರೀ ಊಹೆ. ಈ ವ್ಯತ್ಯಾಸ ಹೇಗೆ ಹುಟ್ಟಿತೆಂದು ತಿಳಿಯುವುದನ್ನೇ ಆ ದಿನದ ಕೆಲಸ ಮಾಡಿಕೊಳ್ಳಬೇಕು ಎಂಬುದು ನನ್ನ ವಾದ.

ಅದಕ್ಕೆ ಕಾರು ಬೇಕಿಲ್ಲ. ಬ್ಯಾಂಕಾಕಿನ ಥೊನ್‌ಬುರಿ ನಿಲ್ದಾಣದಿಂದ ಬೆಳಗ್ಗೆ ಹೊರಡುವ ಪ್ಯಾಸೆಂಜರ್ ರೈಲು ಎರಡೂವರೆ ಮೂರು ಗಂಟೆಯಲ್ಲಿ ಕಾಂಚನಬುರಿ ಮುಟ್ಟಿಸುತ್ತದೆ. ಮೂರನೇ ದರ್ಜೆ, ಫ್ಯಾನು, ತೆರೆದ ಕಿಟಕಿ, ತಿಂಡಿ ಮಾರಿಕೊಂಡು ಓಡಾಡುವವರು. ನೊಂಗ್ ಪ್ಲಾಡುಕ್ ಜಂಕ್ಷನ್ನಿನಲ್ಲಿ ಗಾಡಿ ದಕ್ಷಿಣದ ಹಳಿ ಬಿಟ್ಟು ಪಶ್ಚಿಮಕ್ಕೆ ತಿರುಗಿತೆಂದರೆ ಚಕ್ರದ ಕೆಳಗಿರುವುದು ಅದೇ ಯುದ್ಧಕಾಲದ ಹಾದಿ. ಅದನ್ನು ಗಮನಿಸುವವರು ಕಡಿಮೆ. ಸೇತುವೆಗೆಂದು ಬಂದವರು ಕಾಂಚನಬುರಿಯಲ್ಲಿ ಕೂತೇ ಇದ್ದು ಮುಂದಿನ ನಿಲುಗಡೆಯಲ್ಲಿ ಇಳಿಯುತ್ತಾರೆ. ನೀವು ಒಂದು ನಿಲ್ದಾಣ ಮೊದಲೇ ಇಳಿಯಿರಿ. ಸ್ವಲ್ಪ ನಡೆದರೆ ಯುದ್ಧ ಸ್ಮಶಾನ, ಅದರ ಮಗ್ಗುಲಲ್ಲೇ ಥಾಯ್ಲೆಂಡ್-ಬರ್ಮಾ ರೈಲ್ವೆ ಸೆಂಟರ್ ಎಂಬ ವಸ್ತುಸಂಗ್ರಹಾಲಯ. ಮೊದಲು ಸಂಗ್ರಹಾಲಯ ನೋಡಿ ನಕ್ಷೆ, ಶಿಬಿರ, ರೋಗಗಳ ಲೆಕ್ಕ ತಿಳಿದುಕೊಂಡರೆ ಹೊರಗಿನ ಕಲ್ಲುಗಳು ಮಾತಾಡುತ್ತವೆ. ಸುಮಾರು 7,000 ಗೋರಿಗಳು, ಮೊಣಕಾಲೆತ್ತರಕ್ಕೂ ಬಾರದ ಪೀಠಗಳ ಮೇಲೆ ಓರೆಯಾಗಿ ಕೂರಿಸಿದ ಲೋಹದ ಫಲಕಗಳು. ಪಡೆಯ ಲಾಂಛನ, ಹೆಸರು, ತಾರೀಖು, ವಯಸ್ಸು, ಕೆಲವದರ ಬುಡದಲ್ಲಿ ಮನೆಯವರು ಬರೆಸಿದ ಒಂದು ಸಾಲು. ತಾರೀಖುಗಳನ್ನಷ್ಟೇ ಓದುತ್ತ ಹೋಗಿ: 1943ರ ಮಳೆಗಾಲ ಮತ್ತೆ ಮತ್ತೆ ಬರುತ್ತದೆ. ಕೆಲಸ ಬೇಗ ಮುಗಿಸಿ ಎಂಬ ಒತ್ತಡ ಮಿತಿಮೀರಿದ್ದ ಸಮಯ, ಕಾಲರಾ ಹಬ್ಬಿದ ಸಮಯ. ಎರಡು ಗೋರಿಗಳಲ್ಲಿ ಇರುವುದು ನಿಯೆಕೆ ಎಂಬ ಶಿಬಿರದಲ್ಲಿ ಆ ಮೇ-ಜೂನ್‌ನಲ್ಲಿ ಕಾಲರಾಕ್ಕೆ ತುತ್ತಾಗಿ ಸುಡಲ್ಪಟ್ಟ 300 ಮಂದಿಯ ಬೂದಿ. ಬಾಗಿಲ ಕಟ್ಟಡದಲ್ಲಿ ಇನ್ನೊಂದು ಪುಟ್ಟ ಪಟ್ಟಿ ಇದೆ, ನಮ್ಮವರು ಅದನ್ನು ನೋಡದೆ ಒಳಹೋಗಬಾರದು: ಅವಿಭಜಿತ ಭಾರತದ ಸೇನೆಯ 11 ಜನರ ಹೆಸರು. ಥಾಯ್ಲೆಂಡಿನ ಮುಸ್ಲಿಂ ಸ್ಮಶಾನಗಳಲ್ಲಿ ಹೂಳಲ್ಪಟ್ಟು, ಗೋರಿಗಳನ್ನು ಕಾಪಾಡಲಾಗದೆ ಹೋದದ್ದರಿಂದ ಹೆಸರು ಮಾತ್ರ ಇಲ್ಲಿ ಉಳಿದವರು.

ಈ ಅಚ್ಚುಕಟ್ಟಿಗೆ ಕಾರಣವಿದೆ. ಕೈದಿಗಳಾದರೂ ಅವರು ಸೇನೆಯೇ. ಅಧಿಕಾರಿಗಳಿದ್ದರು, ಔಷಧವಿಲ್ಲದಿದ್ದರೂ ವೈದ್ಯರಿದ್ದರು, ಯಾರು ಯಾವಾಗ ಸತ್ತರು, ಎಲ್ಲಿ ಹೂತರು ಎಂದು ಕಾವಲಿನವರ ಕಣ್ಣುತಪ್ಪಿಸಿ ಬರೆದಿಡುವವರಿದ್ದರು. ಯುದ್ಧ ಮುಗಿದ ಕೂಡಲೇ, 1945ರಲ್ಲಿ, ಆ ಪಟ್ಟಿಗಳನ್ನು ಹಿಡಿದ ಶೋಧತಂಡವೊಂದು ಹಳಿಗುಂಟ ಹೋಗಿ 144 ಕಡೆ 10,000ಕ್ಕೂ ಹೆಚ್ಚು ಗೋರಿಗಳನ್ನು ಪತ್ತೆ ಮಾಡಿತು. ಕೂಲಿಗಳಿಗೆ ಇದಾವುದೂ ಇರಲಿಲ್ಲ. ಮಲಯದ ರಬ್ಬರ್ ತೋಟಗಳಲ್ಲಿ ಯುದ್ಧದಿಂದಾಗಿ ರಫ್ತು ನಿಂತು ಕೆಲಸವಿಲ್ಲದೆ ಕೂತಿದ್ದ ತಮಿಳರಿಗೆ ಒಳ್ಳೆಯ ಕೂಲಿ, ಕೆಲವೇ ತಿಂಗಳ ಕೆಲಸ ಎಂದು ಆಸೆ ತೋರಿಸಿದರು. ಆಸೆಗೆ ಬೀಳದವರನ್ನು ಹಿಡಿದೊಯ್ದರು. ಕೆಲವರು ಹೆಂಡತಿ ಮಕ್ಕಳ ಸಮೇತ ಹೋದರು. ಅವರೊಳಗೆ ತೆಲುಗರು, ಮಲಯಾಳಿಗಳೂ ಇದ್ದರು. ಕಾಲರಾ ಬಂದಾಗ ನೀರು ಕಾಯಿಸಿ ಕುಡಿಯಿರಿ ಎಂದು ಗದರಿಸುವ ಮೇಲಧಿಕಾರಿ ಅವರಿಗಿರಲಿಲ್ಲ, ಸತ್ತಾಗ ಹೆಸರು ಬರೆದುಕೊಳ್ಳುವ ಗುಮಾಸ್ತನೂ ಇರಲಿಲ್ಲ. ಕೈದಿಗಳಲ್ಲಿ ಐವರಿಗೊಬ್ಬರು ಸತ್ತರೆ, ಕೂಲಿಗಳಲ್ಲಿ ಹತ್ತಿರಹತ್ತಿರ ಇಬ್ಬರಿಗೊಬ್ಬರು.

ಟೂರಿನ ಪಟ್ಟಿಗಳಲ್ಲಿ ಕಾಣದ ಜಾಗ ಎಂದೆನಲ್ಲ, ಅದು ಯುದ್ಧ ಸ್ಮಶಾನದ ಆಸುಪಾಸಿನಲ್ಲೇ ಇರುವ ವಾಟ್ ಥಾವೊರ್ನ್ ವರಾರಾಮ್ ಎಂಬ ಬೌದ್ಧ ದೇವಾಲಯ. ಯುದ್ಧದ ನಂತರ ಊರಿನ ನೆಲದಲ್ಲಿ ಸಿಕ್ಕ ಕೂಲಿಗಳ ಅಸ್ಥಿಗಳನ್ನು ಒಟ್ಟುಮಾಡಿ ಇಟ್ಟಿರುವುದು ಇಲ್ಲಿ. ಹೆಸರುಗಳಿಲ್ಲ. 1990ರಲ್ಲಿಯೂ ಇದೇ ಊರಿನ ಕಬ್ಬಿನ ಗದ್ದೆಯೊಂದರಲ್ಲಿ ನೂರಾರು ಹೆಣಗಳ ಒಂದೇ ಹೊಂಡ ಸಿಕ್ಕಿತ್ತು. 2023ರಲ್ಲಿ ತಮಿಳು ಸಂಘಟನೆಗಳು ಸೇರಿ, ತಮಿಳುನಾಡು ಸರಕಾರದ ನೆರವು ಪಡೆದು, ಸತ್ತ ತಮಿಳರಿಗಾಗಿ ಇಲ್ಲಿ ನಡುಕಲ್ಲೊಂದನ್ನು ನಿಲ್ಲಿಸಿದವು. ನಮ್ಮ ವೀರಗಲ್ಲಿನ ಒಡಹುಟ್ಟಿದ್ದು ಅದು. ದನ ಬಿಡಿಸಲು ಹೋಗಿ ಸತ್ತ ಒಬ್ಬನೇ ಒಬ್ಬನ ಹೆಸರು, ಊರು ಕೆತ್ತಿಸಿ ನೆಟ್ಟ ಕಲ್ಲುಗಳನ್ನು ಕಂಡು ಬೆಳೆದ ನಾಡಿನವರಿಗೆ, ಹತ್ತಾರು ಸಾವಿರ ಜನಕ್ಕೆ ಒಂದೇ ಕಲ್ಲು ನೆಟ್ಟದ್ದರ ಅರ್ಥವನ್ನು ಬೇರೆ ಗೈಡ್ ಬಂದು ವಿವರಿಸಬೇಕಾಗಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ: ಅಲ್ಲಿ ನೋಡುವುದಕ್ಕೆ ಏನೂ ಇಲ್ಲವಲ್ಲ? ಹೌದು, ಸೇತುವೆಯಂತೆ ಕಣ್ಣು ತುಂಬುವ ವಸ್ತು ಅದಲ್ಲ. ಅದೊಂದನ್ನೇ ನೋಡಿ ಬಂದರೆ ಏನೂ ದಕ್ಕುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ಅದಕ್ಕೇ ಸರದಿ ಮುಖ್ಯ ಎಂದದ್ದು. ಒಬ್ಬೊಬ್ಬನಿಗೆ ಒಂದೊಂದು ಫಲಕ, ಅದರ ಮೇಲೆ ಅಮ್ಮನೋ ಹೆಂಡತಿಯೋ ಬರೆಸಿದ ಸಾಲು, ಇದನ್ನು ಅರ್ಧ ಗಂಟೆ ಓದಿ ಬಂದ ಕಣ್ಣಿಗೆ ಹೆಸರಿಲ್ಲದ ಕಲ್ಲು ಬೇರೆಯಾಗಿ ಕಾಣುತ್ತದೆ. ಬಿಳಿಯ ಸೈನಿಕರ ದುಃಖವನ್ನು ಸಣ್ಣದು ಮಾಡುವ ಉಪಾಯ ಇದಲ್ಲ. ಒಂದು ಸಾವಿನ ತೂಕವೆಷ್ಟು ಎಂದು ಕಲಿಸುವುದೇ ಅವರ ಗೋರಿಗಳು. ಆ ಅಳತೆ ಕೈಗೆ ಬಂದ ಮೇಲೆ 90,000 ಎಂಬುದು ಬರೀ ಅಂಕಿಯಾಗಿ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಕಾಂಚನಬುರಿ ಪಟ್ಟಣವೆಂದರೆ ಹಳಿಯ ಒಂದು ಅಂಚು. ನರಕ ಇದ್ದದ್ದು ಮೇಲೆ, ಕಾಡಿನಲ್ಲಿ. ಹೆಲ್‌ಫೈರ್ ಪಾಸ್ ನೋಡದೆ ಹೇಗೆ ಮರಳುವುದು? ಪಟ್ಟಣದಿಂದ ಸುಮಾರು 80 ಕಿ.ಮೀ. ಆಚೆ, ಬೆಟ್ಟದ ಬಂಡೆಯನ್ನು ಸುತ್ತಿಗೆ, ಉಳಿ, ಸಿಡಿಮದ್ದಿನಿಂದ ಸೀಳಿ ಮಾಡಿದ ಕಣಿವೆ ಅದು. ಬಂಡೆಯ ಗೋಡೆಗಳಲ್ಲಿ ಉಳಿಯ ಗುರುತುಗಳು ಇವತ್ತಿಗೂ ಬೆರಳಿಗೆ ಸಿಕ್ಕುತ್ತವೆ. ರಾತ್ರಿ ಪಂಜುಗಳ ಬೆಳಕಿನಲ್ಲಿ ಎಲುಬುಗೂಡುಗಳಂತೆ ದುಡಿಯುತ್ತಿದ್ದವರನ್ನು ಕಂಡು ಆ ಹೆಸರು ಬಿತ್ತು. ಆಸ್ಟ್ರೇಲಿಯಾ ಸರಕಾರ 1998ರಲ್ಲಿ ಅಲ್ಲಿ ಸ್ಮಾರಕ ಸಂಗ್ರಹಾಲಯ ತೆರೆಯಿತು. ಅದು ಸಂಜೆಗೆ ಮೊದಲೇ ಮುಚ್ಚುತ್ತದೆ. ರೈಲು ಈಗ ನಾಮ್ ಟೊಕ್‌ವರೆಗೆ ಮಾತ್ರ ಹೋಗುತ್ತದೆ, ಅಲ್ಲಿಂದ ಕಣಿವೆ ಇನ್ನೂ ದೂರ. ಆದ್ದರಿಂದ ಬೆಳಗಿನ ಜಾವವೇ ಕಾರು ಹಿಡಿದು ಹೊರಡಬಲ್ಲವರಿಗೆ, ಎತ್ತರ ಇಳಿಜಾರು ಹತ್ತಿ ಇಳಿಯುವ ಮೊಣಕಾಲು ಇದ್ದವರಿಗೆ, ನಾನು ಬೇಡವೆನ್ನುವುದಿಲ್ಲ: ಮೊದಲು ಕಣಿವೆ, ಮಧ್ಯಾಹ್ನದ ಮೇಲೆ ಪಟ್ಟಣದ ಸಂಗ್ರಹಾಲಯ, ಸ್ಮಶಾನ, ದೇವಾಲಯ. ಸೇತುವೆಗೆ ಆಗ ಸಮಯವಿರುವುದಿಲ್ಲ, ಅದರಿಂದ ನಷ್ಟವೂ ಇಲ್ಲ. ಆದರೆ ಕಣಿವೆ, ದೇವಾಲಯ ಎರಡರಲ್ಲಿ ಒಂದೇ ಎಂದಾದರೆ ನಾನು ದೇವಾಲಯದ ಪರ. ಕಣಿವೆಯನ್ನು ನೆನಪಿಡಲು ಒಂದು ದೇಶವೇ ನಿಂತಿದೆ. ಪ್ರತಿವರ್ಷ ಏಪ್ರಿಲ್ 25ರ ನಸುಕಿನಲ್ಲಿ ಆಸ್ಟ್ರೇಲಿಯನ್ನರು ಅಲ್ಲಿ ಸೇರುತ್ತಾರೆ.

ರಜೆಗೆ ಹೋದಲ್ಲಿ ಸೂತಕದ ಮುಖ ಯಾಕೆ ಎನ್ನುವವರಿಗೆ ನನ್ನದು ಸಣ್ಣ ಉತ್ತರ: ಮುಖ ಹೇಗೆ ಬೇಕಾದರೂ ಇರಲಿ. ಊಟ ಮಾಡಿ, ಐಸ್‌ಕ್ರೀಮ್ ತಿನ್ನಿ. ಆ ಊರಿನವರೂ ನಕ್ಕು, ವ್ಯಾಪಾರ ಮಾಡಿ ಬದುಕುತ್ತಿದ್ದಾರೆ. ನನ್ನ ಬೇಡಿಕೆ ನೋಟದ ಕ್ರಮದ್ದೇ ಹೊರತು ಶೋಕದ್ದಲ್ಲ. ಇದು ಇಂಗ್ಲಿಷರ, ಜಪಾನೀಯರ ಜಗಳ, ನಮಗೇನು ಎಂಬ ಮಾತಿಗೆ ಮಾತ್ರ ಉತ್ತರ ಉದ್ದ. ಹಳಿ ಹಾಕಿದ್ದು ಬರ್ಮಾದ ಸೇನೆಯನ್ನು ಸಾಕಲು. ಆ ಸೇನೆ 1944ರಲ್ಲಿ ಹೊರಟದ್ದು ಇಂಫಾಲ, ಕೊಹಿಮಾಗಳ ಮೇಲೆ. ಸುಭಾಷರ ಆಜಾದ್ ಹಿಂದ್ ಫೌಜಿನ ತುಕಡಿಗಳೂ ಬರ್ಮಾಕ್ಕೆ ಸಾಗಿದ್ದು ಈ ಹಳಿಯ ಮೇಲೆ. ಆ ಫೌಜಿಗೆ ಮಲಯದಲ್ಲಿ ಆಳು, ಹಣ ಕೂಡಿದ್ದು ಬಹುಮಟ್ಟಿಗೆ ಅಲ್ಲಿನ ತಮಿಳರಿಂದ, ಅಂದರೆ ಹಳಿಯ ಕೆಳಗೆ ಸತ್ತವರ ಅಣ್ಣತಮ್ಮಂದಿರಿಂದಲೇ. ದಿಲ್ಲಿಗೆ ಹೊರಟವರ ಕತೆ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಅವರ ಗಾಡಿ ಯಾರ ಬೆನ್ನ ಮೇಲೆ ಓಡಿತು ಎಂಬುದು ಇಲ್ಲ. ಫೌಜಿನ ಬಗೆಗಿನ ಅಭಿಮಾನ ಬಿಡಬೇಕಾಗಿಲ್ಲ, ಆದರೆ ಎರಡನ್ನೂ ಒಟ್ಟಿಗೆ ನೆನೆಯುವುದು ಕಷ್ಟ, ಕಾಂಚನಬುರಿಯಲ್ಲಿ ಅದನ್ನು ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ.

ರೈಲಿನಲ್ಲೇ ಬಂದವರಿಗೆ ವಾಪಸ್ ಗಾಡಿ ಮಧ್ಯಾಹ್ನದ ಮೇಲಿದೆ. ತಪ್ಪಿದರೆ ಬ್ಯಾಂಕಾಕಿಗೆ ಮಿನಿವ್ಯಾನು, ಬಸ್ಸು ಇವೆ. ನಡುವೆ ಒಂದು ಗಂಟೆ ಮಿಕ್ಕರೆ ಸೇತುವೆಗೆ ಹೋಗಿ, ಎರಡೂವರೆ ಕಿ.ಮೀ. ಅಷ್ಟೇ. ಆ ದಡದಲ್ಲಿ ಜಪಾನೀ ಸೇನೆಯೇ 1944ರಲ್ಲಿ ಸತ್ತವರಿಗಾಗಿ ಕಟ್ಟಿಸಿದ ಸ್ಮಾರಕವೊಂದಿದೆ; ಕೈದಿಗಳ ಜೊತೆ ಕೂಲಿಗಳನ್ನೂ ಅದರಲ್ಲಿ ನೆನೆದಿದ್ದಾರೆ. ಸಾಯಿಸಿದವರೇ ಮೊದಲು ಕಲ್ಲು ನೆಟ್ಟದ್ದು ಪಶ್ಚಾತ್ತಾಪವೋ, ಪ್ರೇತಭಯವೋ, ಬರೀ ಶಿಷ್ಟಾಚಾರವೋ ಎಂದು ಚರ್ಚಿಸಲು ವಾಪಸ್ ಪ್ರಯಾಣದ ಮೂರು ಗಂಟೆ ಸಾಲದು. ಫೋಟೊ ತೆಗೆಯುವುದಾದರೆ ಆ ಎರಡು ನೇರ ಅಂಚಿನ ಕಮಾನುಗಳೂ ಬರುವಂತೆ ತೆಗೆಯಿರಿ.