ಸುರಪುರದಿಂದ ಕೊಡೇಕಲ್ಲಿಗೆ: ಗುಡ್ಡದೂರುಗಳ ವರ್ಷದ ಲೆಕ್ಕ

ಕೊಡೇಕಲ್ ಯಾದಗಿರಿ ಜಿಲ್ಲೆ ಹುಣಸಗಿ ತಾಲೂಕಿನ ಹೋಬಳಿ ಊರು. 2018ರಲ್ಲಿ ಹುಣಸಗಿ ಹೊಸ ತಾಲೂಕಾಗುವವರೆಗೆ ಸುರಪುರಕ್ಕೆ ಸೇರಿತ್ತು. ಕೃಷ್ಣೆ ದೂರವಿಲ್ಲ, ಆದರೂ ಸುತ್ತಲೂ ಕಲ್ಲುಗುಡ್ಡಗಳು, ಅವುಗಳ ಮಗ್ಗುಲಲ್ಲಿ ಹಳ್ಳಿಗಳು, ತಾಂಡಾಗಳು, ಹೊಲದ ನಡುವೆ ನಾಲ್ಕಾರು ಮನೆಗಳ ದೊಡ್ಡಿಗಳು. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು. ಅವುಗಳಲ್ಲಿ 21 ಯಾದಗಿರಿಯೂ ಸೇರಿದ ಕಲಬುರಗಿ ವಿಭಾಗದವು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯಕ್ಕೇ ಕಡಿಮೆ. ಸೇವಾ ಸಂಸ್ಥೆಗಳು ಈ ಕಡೆ ಮುಖ ಮಾಡಿದ್ದಕ್ಕೆ ಕಾರಣ ಈ ಅಂಕಿಗಳಲ್ಲೇ ಇದೆ.

ಅವುಗಳ ಕೆಲಸವನ್ನು ನೋಡುತ್ತ ಹೋಗುವವರು ಸುರಪುರದಿಂದ ಹೊರಡುವುದು ಸರಿ. 2004ರ ಸುಮಾರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ, ರಾಜ್ಯ ಸರ್ಕಾರ ಮತ್ತು ಯುನಿಸೆಫ್ ಜೊತೆಗೂಡಿ ಶಿಶುಸ್ನೇಹಿ ಶಾಲೆಯ ಕಾರ್ಯಕ್ರಮವನ್ನು ಆರಂಭಿಸಿದ್ದು ಈ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ. ಮೊದಲಿಗೇ ಸ್ವಂತ ಶಾಲೆ ಕಟ್ಟಿ ಬೋರ್ಡು ಹಾಕುವ ದಾರಿಯನ್ನು ಸಂಸ್ಥೆ ಹಿಡಿಯಲಿಲ್ಲ. ಇದ್ದ ಶಾಲೆ, ಇದ್ದ ಮೇಷ್ಟ್ರು, ಇದ್ದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಇವರೊಂದಿಗೇ ಕೆಲಸ. ಶಿಕ್ಷಕರು ಸಂಜೆ, ರಜೆ ದಿನ ಕೂಡಿ ಪಾಠದ ಮಾತಾಡುವ ಕಲಿಕಾ ಕೇಂದ್ರಗಳು ಬೆಳೆದವು. ಇಂಥ ಕೆಲಸದ ಫಲ ಒಂದೆರಡು ವರ್ಷದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದರೂ ಇದೇ ಸರಿಯಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ: ಸಂಸ್ಥೆ ನಾಳೆ ಬೇರೆ ಕಡೆ ಹೋದರೂ ಶಾಲೆ ಊರಲ್ಲೇ ಉಳಿಯುತ್ತದೆ.

ಆ ಕಾರ್ಯಕ್ರಮದಿಂದ ಬಂದ ಮೆಟ್ರಿಕ್ ಮೇಳದ ಬಗ್ಗೆ ಸ್ವಲ್ಪ ಹೇಳಬೇಕು. ಮೇಳದ ದಿನ ಶಾಲೆಯ ಅಂಗಳದಲ್ಲಿ ತಕ್ಕಡಿ, ಲೀಟರಿನ ಅಳತೆ, ಟೇಪು, ತೂಕದ ಯಂತ್ರ ಎಲ್ಲವೂ ಮಕ್ಕಳ ಕೈಯಲ್ಲಿರುತ್ತವೆ. ತಂದೆ ತಾಯಿ ಸಾಲಾಗಿ ಬಂದು ನಿಲ್ಲುತ್ತಾರೆ. ಐದನೇ ತರಗತಿಯ ಹುಡುಗಿ ಅಪ್ಪನನ್ನು ಗೋಡೆಗೆ ಒರಗಿಸಿ ಎತ್ತರ ಅಳೆದು, ಸೆಂಟಿಮೀಟರಿನಲ್ಲಿ ಬರೆದು, ಚೀಟಿ ಕೈಗಿಡುತ್ತಾಳೆ. ಓದಲು ಬಾರದ ಅಪ್ಪ ಆ ಚೀಟಿಯನ್ನು ಮಡಿಚಿ ಜೇಬಿಗಿಟ್ಟುಕೊಳ್ಳುತ್ತಾನೆ. ಮಗಳು ಶಾಲೆಯಲ್ಲಿ ಏನು ಮಾಡುತ್ತಾಳೆ ಎಂಬುದು ಊರಿಗೆ ತಿಳಿಯುವುದು ಹೀಗೆ. ಯಾವ ಭಾಷಣಕ್ಕೂ ಈ ಕೆಲಸ ಸಾಧ್ಯವಿಲ್ಲ.

ಸುರಪುರದಿಂದ ಬಸ್ಸು ಪಶ್ಚಿಮಕ್ಕೆ ತಿರುಗಿದರೆ ಹತ್ತಿ, ತೊಗರಿಯ ಹೊಲಗಳು, ಕಾಲುವೆ ನೀರು ಸಿಕ್ಕಲ್ಲಿ ಭತ್ತ. ಮುಂದೆ ಹುಣಸಗಿ ಕಣಿವೆ. ಇಲ್ಲಿನ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಸುಣ್ಣಕಲ್ಲಿನಿಂದ ಕೈಕೊಡಲಿ ಮಾಡುತ್ತಿದ್ದ ಆದಿಮಾನವರ ನೆಲೆಯನ್ನು ಅಗೆದು ತೆಗೆದಿದೆ. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದು ಎಂದು ಅಂದಾಜು. ಬೇಸಿಗೆಯಲ್ಲೂ ಬತ್ತದ ಒರತೆ ನೀರು ಮನುಷ್ಯರನ್ನು ಈ ಕಣಿವೆಗೆ ಎಳೆದಿತ್ತು.

ಇಂದಿಗೂ ಎಲ್ಲ ಮಾತು ನೀರಿಗೇ ಬಂದು ನಿಲ್ಲುತ್ತದೆ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಇರುವುದು ಪರೀಕ್ಷೆಯಲ್ಲಿ ಗೊತ್ತಾಯಿತು. ಚರ್ಮರೋಗ, ಕ್ಯಾನ್ಸರ್ ಪ್ರಕರಣಗಳು ಕಂಡುಬಂದ ಮೇಲೆ ಆ ನೀರಿನ ಕಥೆ ಹೊರಜಗತ್ತಿಗೆ ಮುಟ್ಟಿತು. ಚಿನ್ನದ ಅದಿರಿರುವ ಶಿಲಾಪಟ್ಟಿಯ ವಿಷ ಅಂತರ್ಜಲಕ್ಕೆ ಇಳಿದಿದೆ. ಕೈಪಂಪು ಹಾಕಿಸುವುದನ್ನೇ ಪ್ರಗತಿ ಎಂದು ಎಣಿಸುತ್ತಿದ್ದ ಕಾಲದಲ್ಲಿ, ಪಂಪಿನ ನೀರನ್ನು ಪರೀಕ್ಷೆ ಮಾಡಿಸುವುದು ಅದಕ್ಕಿಂತ ಮುಖ್ಯ ಎಂದು ಕಲಿಸಿದ ಊರು ಇದು.

ಹುಣಸಗಿಯಿಂದ ದಕ್ಷಿಣಕ್ಕೆ ಹೋದಂತೆ ಗುಡ್ಡಗಳು ಹತ್ತಿರವಾಗಿ ಕೊಡೇಕಲ್ ಸಿಗುತ್ತದೆ. ಕಾಲಜ್ಞಾನದ ವಚನಗಳನ್ನು ಹೇಳಿದ ಕೊಡೇಕಲ್ ಬಸವಣ್ಣನ ಊರಿದು. ಅವನ ಗುಡಿಗೆ ಹಿಂದೂಗಳು, ಮುಸಲ್ಮಾನರು ಇಬ್ಬರೂ ನಡೆದುಕೊಳ್ಳುತ್ತಾರೆ. ಸೇವಾ ಸಂಸ್ಥೆಗಳ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲೂ ಹಸಿದು ಬಂದವರಿಗೆ ದಾಸೋಹದ ಮನೆ ಈ ಸೀಮೆಯಲ್ಲಿತ್ತು ಎಂಬುದನ್ನು ಮರೆಯಬಾರದು.

ನಾನು ಇಲ್ಲಿಗೆ ಬಂದದ್ದು ಫೆಬ್ರವರಿಯ ಬಿಸಿಲಿನಲ್ಲಿ. ಹತ್ತಿರದ ಒಂದು ತಾಂಡಾದಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯನ್ನು, "ಎಲ್ಲಾರೂ ಎಲ್ಲಿಗೆ ಹೋಗ್ಯಾರವ್ವಾ?" ಎಂದು ಕೇಳಿದರೆ, "ದುಡಿಯಾಕ ಹೋಗ್ಯಾರಪ್ಪಾ. ಬೆಂಗಳೂರಿಗಿ, ಪುಣಾಕ್ಕ. ಮಳಿ ಬಿದ್ರ ಬರ್ತಾರ" ಎಂದಳು. ಸುಗ್ಗಿ ಮುಗಿದದ್ದೇ ಗುಳೆ ಶುರು. ಕಟ್ಟಡ ಕೆಲಸಕ್ಕೆ ಹೋಗುವ ತಂದೆ ತಾಯಿ ಸಣ್ಣ ಮಕ್ಕಳನ್ನು ಜೊತೆಗೇ ಒಯ್ಯುತ್ತಾರೆ. ತಂಗಿ ತಮ್ಮಂದಿರನ್ನು ನೋಡಿಕೊಳ್ಳಲೆಂದು ಹತ್ತು ವರ್ಷದ ಹುಡುಗಿಯೂ ಹೋಗುತ್ತಾಳೆ. ಜೂನ್‌ನಲ್ಲಿ ಹಾಜರಿ ಪುಸ್ತಕದಲ್ಲಿದ್ದ ಹೆಸರು ಮಾರ್ಚ್‌ನಲ್ಲೂ ಇರುತ್ತದೆ, ಮಗು ಇರುವುದಿಲ್ಲ. ಮರಳಿ ಬಂದ ಮಗುವಿಗೆ ಬಿಟ್ಟುಹೋದ ನಾಲ್ಕೈದು ತಿಂಗಳ ಪಾಠ ಯಾರು ಹೇಳಿಕೊಡಬೇಕು? ಈ ಗುಡ್ಡದೂರುಗಳ ಮೇಷ್ಟ್ರುಗಳನ್ನು ವರ್ಷವೂ ಕಾಡುವ ಪ್ರಶ್ನೆ ಇದೇ.

ಊರಲ್ಲಿರುವಷ್ಟು ದಿನ ಮಕ್ಕಳನ್ನು ಶಾಲೆಯಲ್ಲಿ ಹಿಡಿದಿಡಲು ಮಧ್ಯಾಹ್ನದ ಬಿಸಿಯೂಟ ದೊಡ್ಡ ಆಸರೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡಲು ಆರಂಭಿಸಿತು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ, ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ಆಗ ಮೊಟ್ಟೆ ಇಲ್ಲದಿದ್ದ ಗದಗದ ಮಕ್ಕಳನ್ನೂ ತೂಗಿ ನೋಡಿತು. ಯಾದಗಿರಿಯ ಮಕ್ಕಳು, ಅದರಲ್ಲೂ ಹುಡುಗಿಯರು, ಎದ್ದುಕಾಣುವಷ್ಟು ತೂಕ ಹೆಚ್ಚಿಸಿಕೊಂಡಿದ್ದರು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ವಾರಕ್ಕೆ ಎರಡಿದ್ದ ಮೊಟ್ಟೆ ರಾಜ್ಯದಾದ್ಯಂತ ಆರಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಸೇವಾ ಸಂಸ್ಥೆಯ ಹಣ ನೇರವಾಗಿ ಮಗುವಿನ ತಟ್ಟೆಗೆ ಬಂದು ಬಿದ್ದ ಕೆಲಸ ಇದು.

ಕೊಡೇಕಲ್ಲಿನಿಂದ ಮುಂದಿನ ದಾರಿ ನಾರಾಯಣಪುರಕ್ಕೆ. 1982ರಲ್ಲಿ ಮುಗಿದ ಬಸವಸಾಗರ ಅಣೆಕಟ್ಟೆ 10 ಕಿಲೋಮೀಟರಿಗೂ ಉದ್ದ. ಇಲ್ಲಿಂದ ಹೊರಟ ಎಡದಂಡೆ ಕಾಲುವೆ ಹುಣಸಗಿ, ಶಹಾಪುರ, ಜೇವರ್ಗಿ ಕಡೆಯ ಲಕ್ಷಾಂತರ ಎಕರೆಗೆ ನೀರು ಹರಿಸುತ್ತದೆ. ಆದರೆ ಕಾಲುವೆ ನೀರು ಇಳಿಜಾರು ನೋಡಿ ಹರಿಯುತ್ತದೆ, ಗುಡ್ಡ ಹತ್ತುವುದಿಲ್ಲ. ಅದಕ್ಕೇ ಎತ್ತರದ ಊರುಗಳಿಗೆ ಬೂದಿಹಾಳ–ಪೀರಾಪುರದಂಥ ಏತ ನೀರಾವರಿ ಯೋಜನೆ ಬೇಕಾಯಿತು. ಕಾಲುವೆಯ ಕೆಳಗಿನ ಹೊಲದವ ಎರಡು ಬೆಳೆ ತೆಗೆದರೆ, ಮೇಲಿನ ಹೊಲದವ ಒಂದೇ ಮಳೆ ನಂಬಿ ಕೂರುತ್ತಾನೆ, ಕೈಕೊಟ್ಟರೆ ಗುಳೆ ಹೋಗುತ್ತಾನೆ.

ಅದೇ ನೀರು ಹೊಳೆಯಲ್ಲಿ ಹೆಚ್ಚಾದರೆ ಬೇರೆ ಕಷ್ಟ. ಕಕ್ಕೇರಾ ಹತ್ತಿರದ ನಡುಗಡ್ಡೆ ನೀಲಕಂಠರಾಯನಗಡ್ಡಿಯಿಂದ 2014ರಲ್ಲಿ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು. ಹೆರಿಗೆಗೆ ದವಾಖಾನೆ ಮುಟ್ಟಲು ಅವರಿಗೆ ಬೇರೆ ದಾರಿ ಇರಲಿಲ್ಲ.

2018ರಿಂದ ಯಾದಗಿರಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ. ಆರೋಗ್ಯ, ಶಿಕ್ಷಣ, ಕೃಷಿಯ ಸೂಚ್ಯಂಕ ತಿಂಗಳು ತಿಂಗಳು ದಿಲ್ಲಿಗೆ ಹೋಗುತ್ತದೆ. ಸಂಸ್ಥೆಗಳ ವಾರ್ಷಿಕ ವರದಿಗಳೂ ಏಪ್ರಿಲಿನಿಂದ ಮಾರ್ಚಿನವರೆಗೆ ತರಬೇತಿ, ಶಾಲೆ, ಶಿಬಿರ ಎಣಿಸುತ್ತವೆ. ಆ ಎಣಿಕೆ ಬೇಡವೆನ್ನುವಂತಿಲ್ಲ. ಆದರೆ ಈ ಗುಡ್ಡದೂರುಗಳ ಕೃಷಿ ವರ್ಷ ಮುಂಗಾರಿನಿಂದ ಶುರುವಾಗಿ, ಗುಳೆಯಲ್ಲಿ ಮುಗಿಯುತ್ತದೆ. ಪ್ರಗತಿ ಅಳೆಯಲು ಬರುವವರು, ಸರ್ಕಾರದವರಾಗಲಿ ಸಂಸ್ಥೆಯವರಾಗಲಿ, ದಯವಿಟ್ಟು ಫೆಬ್ರವರಿಯಲ್ಲಿ ಬನ್ನಿ. ಕೊಡೇಕಲ್ ಸುತ್ತಿನ ತಾಂಡಾಗಳಲ್ಲಿ ಎಷ್ಟು ಬಾಗಿಲು ತೆರೆದಿವೆ, ಶಾಲೆಯಲ್ಲಿ ಎಷ್ಟು ಮಕ್ಕಳು ಊಟಕ್ಕೆ ಕೂತಿದ್ದಾರೆ ಎಂದು ಎಣಿಸಿ.