ಪುರುಷರ ಮುಖಸಂಸ್ಕಾರ

ನಮ್ಮ ಟಿ. ದಾಸರಹಳ್ಳಿಯಿಂದ ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ತರುಣರು ಮುಖಕ್ಕೆ ಲೇಪನ ಹಚ್ಚುವುದನ್ನು ಕಂಡು ಹಿರಿಯರು ನಗುವುದುಂಟು. ಇದರಲ್ಲಿ ನಗತಕ್ಕುದೇನೂ ನಮಗೆ ಕಾಣದು. ವಾತ್ಸ್ಯಾಯನನು ನಾಗರಕನಿಗೆ ನಿತ್ಯಸ್ನಾನವನ್ನೂ, ಮೂರು ದಿನಕ್ಕೊಮ್ಮೆ ನೊರೆಗೊಡುವ ಫೇನಕವನ್ನೂ, ನಾಲ್ಕು ದಿನಕ್ಕೊಮ್ಮೆ ಕ್ಷೌರವನ್ನೂ, ತುಟಿಗೆ ಅರಗಿನ ರಂಗನ್ನೂ ಹೇಳಿರುವನು.

ಯಂತ್ರದ ಜಿಡ್ಡನ್ನು ಸೀಮೆಎಣ್ಣೆಯಿಂದ ತಿಕ್ಕಿದರೆ ಚರ್ಮವು ಒಡೆಯುವುದು. ಸಾಬೂನು, ನೀರು, ಬಳಿಕ ತುಸು ಕೊಬ್ಬರಿ ಎಣ್ಣೆ, ಬಿಸಿಲಿಗೆ ಹೋಗುವವರಿಗೆ ಸನ್‌ಸ್ಕ್ರೀನ್; ಇಷ್ಟು ಸಾಕು.

ಬಿಳುಪು ಮಾಡುವ ಕ್ರೀಮುಗಳ ಮಾತು ಬೇರೆ. ಅವುಗಳಲ್ಲಿ ಕೆಲವಲ್ಲಿ ಪಾದರಸವೋ ಸ್ಟಿರಾಯ್ಡೋ ಇರುವುದು ಪರೀಕ್ಷೆಗಳಿಂದ ತಿಳಿದಿದೆ. ಪಾದರಸವು ಮೂತ್ರಪಿಂಡವನ್ನು ಕೆಡಿಸುವುದು. ಸ್ಟಿರಾಯ್ಡು ಚರ್ಮವನ್ನು ತೆಳುವಾಗಿಸುವುದು. ಮದುವೆಯ ಮಾತು ಬಂದೊಡನೆ ಮಗನ ಕೈಗೆ ಅಂತಹ ಡಬ್ಬಿಯನ್ನು ಕೊಡುವ ತಾಯಿತಂದೆಗಳು, ಹುಡುಗನ ಮೈಬಣ್ಣದಲ್ಲಿ ಕೊರತೆಯೇನಿದೆಯೆಂದು ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳಲಿ.